ಶೇಂಗಾ ಚೀಲ ಕಟ್ಟಿ ಯುದ್ಧ ನಿಲ್ಲಿಸಿದ್ದು: ನನ್ನ ಅನುಭವ

ಸಿಂಧನೂರು ಕಡೆಯ ಡಿಗ್ರಿ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರದ ಅತಿಥಿ ಉಪನ್ಯಾಸಕ ನಾನು. ಅಧ್ಯಕ್ಷ ತನ್ನಷ್ಟಕ್ಕೇ ಯುದ್ಧ ಎಳೆಯದಂತೆ ತಡೆಯುವ ಅಮೆರಿಕದ ಕಾನೂನು ವಾರ್ ಪವರ್ಸ್ ನಿರ್ಣಯ. ಅದನ್ನು ಪಾಠ ಮಾಡಿದವರಿಗೆಲ್ಲ ಗೊತ್ತು, ಸೇನೆ ಇಳಿಸಿದರೆ 48 ಗಂಟೆಯೊಳಗೆ ಕಾಂಗ್ರೆಸ್‌ಗೆ (ಅಲ್ಲಿನ ಸಂಸತ್ತಿಗೆ) ವರದಿ, ಅದು ಒಪ್ಪದಿದ್ದರೆ 60 ದಿನಕ್ಕೆ ನಿಲ್ಲಿಸಬೇಕು, ಸೇನೆ ವಾಪಸಾಗಲು ಮೇಲೆ 30 ದಿನ ಅಂತ ಹುಡುಗರು ಬಾಯಿಪಾಠ ಒಪ್ಪಿಸುತ್ತಾರೆ. ಅಧ್ಯಕ್ಷ ಕೇಳದಿದ್ದರೆ ಏನು ಮಾಡೋದು ಅಂದರೆ ಪಿಳಿಪಿಳಿ ನೋಡುತ್ತಾರೆ.

ಅದಕ್ಕೇ ಇದನ್ನು ಕ್ಲಾಸಿನಲ್ಲಿ ಆಟವಾಗಿ ಆಡಿಸಲು ಹೊರಟೆ, ಹುಡುಗರೇ ಅಧ್ಯಕ್ಷ, ಹುಡುಗರೇ ಕಾಂಗ್ರೆಸ್. "ಆಟ ಆಡಿಸಿದ್ರ ಮಾರ್ಕ್ಸ್ ಬರ್ತಾವೇನ್ರಿ ಸರ?" ಅಂತ ಸ್ಟಾಫ್ ರೂಮಿನ ಹಿರಿಯರೊಬ್ಬರು ನಕ್ಕರು.

ಮೊದಲ ಸಲ ಪೂರ್ತಿ ತೋಪು. ಯುದ್ಧದ ದಿನಕ್ಕೊಂದು ನಿಮಿಷದಂತೆ 60 ನಿಮಿಷ ಇಟ್ಟಿದ್ದೆ, ಪೀರಿಯಡ್ ಇರೋದೇ ಅದಕ್ಕಿಂತ ಕಡಿಮೆ. ಯುದ್ಧ ನಿಲ್ಲಿಸಿದ್ದು ಪ್ಯೂನ್ ಹೊಡೆದ ಬೆಲ್!

ಎರಡನೇ ಸಲ ದಿನಕ್ಕೆ 20 ಸೆಕೆಂಡ್. ಬಣ್ಣದ ಕಾರ್ಡು, ಜೆರಾಕ್ಸ್ ಅಂತ 600 ರೂಪಾಯಿಯಷ್ಟು ಕೈಯಿಂದ ಹೋಯಿತು. ಸಂಬಳ ಬರುವುದೇ ಮೂರ್ನಾಲ್ಕು ತಿಂಗಳಿಗೊಮ್ಮೆ, ಮನೆಯಲ್ಲಿ ಕೇಳಿಸಿಕೊಂಡಿದ್ದು ಬೇರೆ. ಅಧ್ಯಕ್ಷನಾಗಿದ್ದ ಹುಡುಗ 60ನೇ 'ದಿನ' ಎದ್ದು ನಿಂತು, "ಸರ್, ಇದು ಯುದ್ಧಾನೇ ಅಲ್ಲ. ಮ್ಯಾಲಿಂದ ಬಾಂಬ್ ಹಾಕಾಕತ್ತೀವಿ ಅಷ್ಟ, ನಮ್ಮವ್ರು ಯಾರೂ ಸಾಯಂಗಿಲ್ಲ" ಅಂದ. ಆಟ ಕೆಡಿಸಿದ ಅಂತ ಬೈದೆ. ಸಂಜೆ ಬೈಕಿನಲ್ಲಿ ಮನೆಗೆ ಹೋಗುವಾಗ ಹೊಳೆಯಿತು, 2011ರಲ್ಲಿ ಲಿಬಿಯಾ ವಿಷಯಕ್ಕೆ ಒಬಾಮಾ ಸರ್ಕಾರ ಹೇಳಿದ್ದೂ ಹೆಚ್ಚುಕಡಿಮೆ ಇದೇ ಅಲ್ವಾ! ಮರುದಿನ ಕರೆದು ಬೆನ್ನು ತಟ್ಟಿದೆ.

ಆಗಲೇ ಶೇಂಗಾ ತಲೆಗೆ ಬಂದಿದ್ದು. ಹುರಿದದ್ದು ಎರಡು ಕೆಜಿ, 300ರ ಆಸುಪಾಸು. ಯುದ್ಧದ ಪ್ರತಿ ದಿನದ ಖರ್ಚಿಗೆ ಅಂತ ಒಂದು ಹಿಡಿ ಅಧ್ಯಕ್ಷನ ಟೇಬಲ್ಲಿಗೆ. ಚೀಲ ಮಾತ್ರ ಕಾಂಗ್ರೆಸ್ ಕೈಯಲ್ಲಿ, ಉಳಿದದ್ದು ಕ್ಲಾಸಿಗೆ. ಹನ್ನೆರಡನೇ ದಿನವೋ ಏನೋ, ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಚೀಲದ ಬಾಯಿಗೆ ಎರಡು ಗಂಟು ಹಾಕಿ ಅದರ ಮುಂದೆ ಅಡ್ಡ ಕೂತಳು. "ಇನ್ನ ಒಂದ್ ಕಾಳೂ ಕೊಡಂಗಿಲ್ಲ, ಅದೆಂಗ್ ಯುದ್ಧ ಮಾಡ್ತಿ ಮಾಡು!"

ಪಾಠ ಮಾಡಿದ್ದು ಆಮೇಲೆ. 1973ರಲ್ಲೂ ಮೊದಲು ಬಿಗಿದದ್ದು ಚೀಲವನ್ನೇ. ಆಗಸ್ಟ್ 15ರಿಂದ ಇಂಡೋಚೀನಾ (ವಿಯೆಟ್ನಾಂ, ಲಾವೋಸ್, ಕಾಂಬೋಡಿಯಾ) ಯುದ್ಧಕ್ಕೆ ದುಡ್ಡಿಲ್ಲ ಅಂತ ಕಾಂಗ್ರೆಸ್ ಕಾನೂನು ಮಾಡಿತು, ಕಾಂಬೋಡಿಯಾ ಮೇಲಿನ ಬಾಂಬ್ ದಾಳಿ ಅಂದೇ ನಿಂತಿತು. 60 ದಿನದ ಗಡುವು ಬಂದಿದ್ದು ನವೆಂಬರ್‌ನಲ್ಲಿ, ಅದೂ ಅಧ್ಯಕ್ಷ ನಿಕ್ಸನ್ ಹಾಕಿದ್ದ ವೀಟೋ (ತಡೆ) ಮುರಿದು.

ನಮ್ಮ ದೇಶದ್ದನ್ನೂ ಆಡಿಸಿ ನೋಡಿದೆ. ಸಪ್ಪೆ. ಯುದ್ಧಕ್ಕೆ ಮೊದಲು ಸಂಸತ್ತನ್ನು ಕೇಳಬೇಕು ಅಂತ ನಮ್ಮ ಸಂವಿಧಾನದಲ್ಲಿಲ್ಲ. ಯುದ್ಧದಂಥ ಹೊತ್ತಿಗಿರುವ 352ನೇ ವಿಧಿಯ ತುರ್ತುಸ್ಥಿತಿ ಘೋಷಣೆಗಾದರೆ ತಿಂಗಳೊಳಗೆ ಎರಡೂ ಸದನ ಒಪ್ಪಬೇಕು, ವಿಶೇಷ ಬಹುಮತ ಬೇರೆ. ಕ್ಲಾಸಿನಲ್ಲಿ ಬಹುಮತ ಪ್ರಧಾನಿಯ ಪಕ್ಷದ್ದೇ, ಎಲ್ಲರೂ ಕೈ ಎತ್ತಿದರು, ಮುಗಿಯಿತು. ಬ್ರಿಟನ್ನಿನದು ಪರವಾಗಿಲ್ಲ. 2013ರಲ್ಲಿ ಸಿರಿಯಾ ಮೇಲಿನ ಸೇನಾ ಕಾರ್ಯಾಚರಣೆ ವಿಷಯಕ್ಕೆ ಆಗಿನ ಪ್ರಧಾನಿ ಕ್ಯಾಮರೂನ್ ಸಂಸತ್ತಿನಲ್ಲಿ 285-272ರಲ್ಲಿ ಸೋತರಲ್ಲ, ಸ್ವಂತ ಪಕ್ಷದವರೇ ಕೈಕೊಟ್ಟು? ಹಾಗೆ ಕೈಕೊಡಿಸಲು ಆಳುವ ಪಕ್ಷದ ಕೆಲವರಿಗೆ ಗುಟ್ಟಾಗಿ ಚೀಟಿ ಕೊಟ್ಟಿದ್ದೆ. ಚೀಟಿಯಲ್ಲಿ ಏನಿತ್ತು ಅಂತ ಮಾತ್ರ ಕೇಳಬೇಡಿ.

ಮೊದಲೆಲ್ಲ ಅರವತ್ತು ಜನರಲ್ಲಿ ಹತ್ತು ಹನ್ನೆರಡು ಮಂದಿ ಪರೀಕ್ಷೆಯಲ್ಲಿ ವಾರ್ ಪವರ್ಸ್ ಪ್ರಶ್ನೆ ಮುಟ್ಟುತ್ತಿದ್ದರು. ಈ ಸಲ ಇಂಟರ್ನಲ್ಸ್‌ನಲ್ಲಿ ನಲವತ್ತರ ಮೇಲೆ ಬರೆದರು. ನಕ್ಕಿದ್ದ ಹಿರಿಯರು ಮೊನ್ನೆ ತಾವೂ ಆಡಿಸಿದರಂತೆ. ಚೀಲ ಬಿಚ್ಚಿ ಟೇಬಲ್ ಮೇಲಿಟ್ಟು ಹಾಜರಿ ಕೂಗಿದ್ದಾರೆ. ಯುದ್ಧ ಶುರುವಾಗುವಷ್ಟರಲ್ಲಿ ಬರೀ ಸಿಪ್ಪೆ ಉಳಿದಿತ್ತಂತೆ.