ಟೇಲ್ ಸ್ಯಾಂಪ್ಲಿಂಗ್: ಕೊನೆಗೂ ನೆಲೆನಿಂತಿತು

ಒಂದು ರಿಕ್ವೆಸ್ಟ್ ಸರ್ವೀಸ್‌ಗಳ ನಡುವೆ ಹಾದುಹೋದ ದಾರಿಯ ದಾಖಲೆ ಟ್ರೇಸ್, ಅದರ ಒಂದೊಂದು ಹೆಜ್ಜೆ ಸ್ಪ್ಯಾನ್. ಟ್ರೇಸನ್ನು ಪೂರ್ತಿ ನೋಡಿದ ಮೇಲೆ ಇಡಬೇಕೋ ಎಸೆಯಬೇಕೋ ಎಂದು ತೀರ್ಮಾನಿಸುವುದೇ ಟೇಲ್ ಸ್ಯಾಂಪ್ಲಿಂಗ್. "ನಮ್ಮ ಲೋಡ್‌ಗೆ ಇದು ಆಗಲ್ಲ, ಮೆಮೊರಿ ನುಂಗಿ ಹಾಕತ್ತೆ" ಅಂದವರೇ ಎಲ್ಲ. ನಾಲ್ಕು ತಿಂಗಳಿಂದ ಓಡುತ್ತಿದೆ. ಟ್ರೇಸ್ ಇಡುವ ಖರ್ಚು ತಿಂಗಳಿಗೆ 4 ಲಕ್ಷದ ಹತ್ತಿರ ಇದ್ದದ್ದು ಈಗ 70 ಸಾವಿರದ ಆಸುಪಾಸು.

ಮೊದಲು ಕೆಟ್ಟದ್ದು ಲೆಕ್ಕ. ನಮ್ಮಲ್ಲಿ ಸೆಕೆಂಡಿಗೆ ಸುಮಾರು 2,000 ಟ್ರೇಸ್. ಓಪನ್‌ಟೆಲಿಮೆಟ್ರಿ ಕಲೆಕ್ಟರಿನಲ್ಲಿ (ಸ್ಪ್ಯಾನ್‌ಗಳನ್ನು ಕೂಡಿಸಿ ಮುಂದಕ್ಕೆ ಕಳಿಸುವ ಪ್ರೋಗ್ರಾಂ) ಡಿಸಿಷನ್ ವೇಟ್ (ತೀರ್ಮಾನಕ್ಕೆ ಮುಂಚೆ ಕಾಯುವ ಹೊತ್ತು) ಡಿಫಾಲ್ಟ್ 30 ಸೆಕೆಂಡ್, ಅಂದರೆ ಯಾವ ಹೊತ್ತಿಗೂ 60,000 ಟ್ರೇಸ್ ಕೈಯಲ್ಲಿರಬೇಕು. ಡಿಫಾಲ್ಟ್ ಜಾಗ 50,000ಕ್ಕೆ ಮಾತ್ರ. ಹಳೆಯವು ತೀರ್ಮಾನಕ್ಕೆ ಮುಂಚೆಯೇ ಉದುರುತ್ತಿದ್ದವು. 'ಡ್ರಾಪ್ಡ್ ಟೂ ಅರ್ಲಿ' ಮೆಟ್ರಿಕ್ ತೆಗೆದು ನೋಡಿದ ಮೇಲೇ ಕಂಡದ್ದು. ವೇಟ್ 12ಕ್ಕೆ ಇಳಿಸಿದೆ: 24,000 ಟ್ರೇಸ್, ಒಂದಕ್ಕೆ 25 ಸ್ಪ್ಯಾನ್, ಸ್ಪ್ಯಾನಿಗೆ 1 ಕೆಬಿ, ಒಟ್ಟು 600 ಎಂಬಿ. ಹೀಪ್‌ನಲ್ಲಿ (ಪ್ರೋಗ್ರಾಂ ಬಳಸುವ ಮೆಮೊರಿ) ಅದು ಎರಡೂವರೆ ಪಟ್ಟು ಉಬ್ಬಿತು. ಆದರೂ ಕಲೆಕ್ಟರ್ ಓಡುವ 4 ಜಿಬಿಯ ಪಾಡ್‌ನಲ್ಲಿ ಆರಾಮಾಗಿ ಕೂತಿದೆ.

ಲೋಡ್ ಹೆಚ್ಚುವ ದಿನಗಳಿಗೆಂದು ಎರಡನೇ ಕಲೆಕ್ಟರ್ ಹಾಕಿದ್ದೇ ತಡ, ಟ್ರೇಸ್‌ಗಳು ಸೀಳಿಹೋದವು. ಎರರ್ ಸ್ಪ್ಯಾನ್ ಒಂದರಲ್ಲಿ, ರೂಟ್ (ಟ್ರೇಸಿನ ಮೊದಲ ಸ್ಪ್ಯಾನ್) ಇನ್ನೊಂದರಲ್ಲಿ. ಎರರ್ ಇದ್ದದ್ದು ತನ್ನ ಪಾಲನ್ನು ಉಳಿಸಿಕೊಂಡಿತು, ಇನ್ನೊಂದು ರೂಟನ್ನೇ ಎಸೆಯಿತು. ಕಲೆಕ್ಟರ್‌ಗಳ ಮುಂದೆ ಲೋಡ್‌ಬ್ಯಾಲೆನ್ಸಿಂಗ್ ಎಕ್ಸ್‌ಪೋರ್ಟರಿನ ಇನ್ನೊಂದು ಪದರ ಹಾಕಿ ಒಂದು ಟ್ರೇಸಿನ ಸ್ಪ್ಯಾನ್ ಎಲ್ಲ ಒಂದೇ ಕಡೆ ಹೋಗುವಂತೆ ಟ್ರೇಸ್ ಐಡಿ ಪ್ರಕಾರ ಹಂಚಿದ ಮೇಲೆ ಸರಿಹೋಯಿತು. ಅದರ ಹಿಂದಿರುವ ಕಲೆಕ್ಟರ್ ಪದರವನ್ನು ಮಾತ್ರ ಆಟೋಸ್ಕೇಲ್‌ಗೆ ಬಿಡಬೇಡಿ. ಪಾಡ್ ಹೆಚ್ಚುಕಡಿಮೆ ಆದಾಗಲೆಲ್ಲ ಹ್ಯಾಶ್ ರಿಂಗ್ (ಯಾವ ಟ್ರೇಸ್ ಯಾವ ಪಾಡ್‌ಗೆ ಎಂಬ ಹಂಚಿಕೆ) ಕದಲುತ್ತದೆ, ನಡುವೆ ಸಿಕ್ಕ ಟ್ರೇಸ್ ಮತ್ತೆ ಎರಡು ಪಾಲು.

ಏನನ್ನು ಇಡಬೇಕು ಎಂಬ ನನ್ನ ಪಾಲಿಸಿ: ಎರರ್ ಎಲ್ಲ, 800 ಮಿಲಿಸೆಕೆಂಡ್ ದಾಟಿದ್ದೆಲ್ಲ, ಮಿಕ್ಕದ್ದರಲ್ಲಿ ನೂರಕ್ಕೆ ಎರಡು. ಪೇಮೆಂಟ್ ದಾರಿಗೆ ನಾಲ್ಕನೆಯದೊಂದಿದೆ, ಅದು ನಮ್ಮ ಮನೆಯ ಗುಟ್ಟು. ಸ್ಪ್ಯಾನ್‌ಮೆಟ್ರಿಕ್ಸ್ ಕನೆಕ್ಟರನ್ನು (ಸ್ಪ್ಯಾನ್‌ಗಳನ್ನು ಎಣಿಸಿ ಮೆಟ್ರಿಕ್ ಮಾಡುವ ಭಾಗ) ಸ್ಯಾಂಪ್ಲಿಂಗ್‌ಗೆ ಮುಂಚೆಯೇ ಕೂರಿಸಿ. ನಾನು ಮೊದಲು ಸ್ಯಾಂಪ್ಲಿಂಗ್ ಆದ ಮೇಲೆ ಇಟ್ಟಿದ್ದೆ, ಎರರ್ ಎಲ್ಲ ಉಳಿದು ಮಿಕ್ಕದ್ದು ಉದುರಿದ್ದರಿಂದ ಡ್ಯಾಶ್‌ಬೋರ್ಡ್‌ನಲ್ಲಿ ಮೂರರಲ್ಲಿ ಒಂದು ರಿಕ್ವೆಸ್ಟ್ ಫೇಲ್ ಎಂದು ತೋರಿಸಿ ರಾತ್ರಿ ಎಲ್ಲರ ಫೋನ್ ಹೊಡೆದುಕೊಂಡಿತು.

ಮೆಸೇಜ್‌ಗಳನ್ನು ಸಾಗಿಸುವ ಕಾಫ್ಕಾದ ರಿಟ್ರೈ ಇನ್ನೊಂದು ತಲೆನೋವು. 40 ಸೆಕೆಂಡ್ ತಡವಾಗಿ ಬಂದ ಸ್ಪ್ಯಾನ್‌ಗಾಗಿ ವೇಟ್ ಹೆಚ್ಚಿಸಿದರೆ ಮೆಮೊರಿ ಮತ್ತೆ ಕೈಕೊಡುತ್ತದೆ. ಮೆಸೇಜ್ ಓದುವ ಕನ್ಸ್ಯೂಮರ್‌ನಲ್ಲಿ ಹೊಸ ಟ್ರೇಸ್ ಶುರುಮಾಡಿ, ಹಳೆಯದಕ್ಕೆ ಸ್ಪ್ಯಾನ್ ಲಿಂಕ್ ಕೊಟ್ಟೆ. ಎರಡನ್ನೂ ಬೇರೆಬೇರೆ ತೆರೆದು ನೋಡಬೇಕು, ಅಷ್ಟೇ ಕಿರಿಕಿರಿ.

ಮಧ್ಯೆ ಲಾಗ್‌ಗಳ ಮೇಲೆ ಡ್ರೇನ್ ಅಲ್ಗಾರಿದಮ್ (ಒಂದೇ ಮಾದರಿಯ ಲಾಗ್ ಸಾಲುಗಳನ್ನು ಗುಂಪು ಮಾಡುವ ವಿಧಾನ) ಓಡಿಸಿ ಸಾಲುಗಳನ್ನು ಟೆಂಪ್ಲೇಟ್‌ಗೆ ಇಳಿಸಲು ನೋಡಿದೆ. ಸಾಲಿನಿಂದ ಸಾಲಿಗೆ ಬದಲಾಗುವ ಐಪಿ, ಯುಯುಐಡಿ ಗುರುತುಗಳನ್ನು ಮೊದಲೇ ಮುಚ್ಚದೆ ಬಿಟ್ಟಾಗ ಸಾವಿರಗಟ್ಟಲೆ ಟೆಂಪ್ಲೇಟ್. ಮುಚ್ಚಿದ ಮೇಲೆ ಮುನ್ನೂರು ಚಿಲ್ಲರೆ. ಡಿಪ್ಲಾಯ್ ಆದ ಹತ್ತು ನಿಮಿಷದಲ್ಲಿ ಹೊಸದಾಗಿ ಹುಟ್ಟಿದ ಟೆಂಪ್ಲೇಟ್ ಮಾತ್ರ ಈಗ ಚಾಟ್‌ಗೆ ಬರುತ್ತದೆ.