ಫರ್ನಿಶ್ಡ್ ಫ್ಲ್ಯಾಟ್ ಬಾಡಿಗೆಗೆ ಹಿಡಿಯೋರು ಇದನ್ನ ಮರೀಬೇಡಿ

ಬೆಂಗಳೂರಲ್ಲಿ ಜಯನಗರ, ಮಲ್ಲೇಶ್ವರ ಕಡೆ ಫರ್ನಿಶ್ಡ್ ಫ್ಲ್ಯಾಟ್ ನೋಡ್ತಿರೋರು, ಕೀ ಕೈಗೆ ಬಂದ ದಿನಾನೇ ನಿಮ್ ಸಾಮಾನು ಇಳಿಸೋಕ್ ಮುಂಚೆ ಪ್ರತಿ ರೂಮಿಂದೂ ವಿಡಿಯೋ ಮಾಡಿ ಓನರ್‌ಗೆ ವಾಟ್ಸಾಪ್ ಮಾಡ್ಬಿಡಿ, ಸೋಫಾ ಮೇಲಿನ ಕಲೆ, ವಾರ್ಡ್‌ರೋಬ್ ಬಾಗಿಲು ಎಲ್ಲಾ ಬರ್ಲಿ, ಹಾಸಿಗೆ ಎತ್ತಿ ತಿಗಣೆ ಇದ್ಯಾ ಅಂತಾನೂ ನೋಡಿ. ಗೀಸರ್, ಫ್ರಿಜ್, ವಾಷಿಂಗ್ ಮಷಿನ್ ಆನ್ ಮಾಡೇ ನೋಡ್ಬೇಕು. ನಾನು ಹಿಂದಿನ ಮನೇಲಿ ಮಾಡ್ಲಿಲ್ಲ, ಮೊದಲೇ ಕೆಟ್ಟಿದ್ದ ಗೀಸರ್‌ಗೆ ಅಡ್ವಾನ್ಸಲ್ಲಿ ದುಡ್ಡು ಮುರ್ಕೊಂಡ್ರು, ತುಂಬಾ ಬೇಜಾರಾಯ್ತು. 11 ತಿಂಗಳ ಅಗ್ರಿಮೆಂಟ್ ಜೊತೆಗೇ ಸಾಮಾನಿನ ಪಟ್ಟಿ ಸೇರಿಸಿ ಇಬ್ರೂ ಸೈನ್ ಹಾಕಿ, ರಿಪೇರಿ ಯಾರ ಖರ್ಚು, ಖಾಲಿ ಮಾಡುವಾಗ ಪೇಂಟಿಂಗ್‌ಗೆ ಎಷ್ಟು ಹಿಡೀತಾರೆ ಅನ್ನೋದನ್ನೂ ಬರೆಸ್ಕೊಳ್ಳಿ. ಬೆಸ್ಕಾಂ ಮೀಟರ್ ರೀಡಿಂಗ್ ಫೋಟೋನೂ ಆವತ್ತೇ ತೆಗ್ದಿಟ್ಕೊಳ್ಳಿ.