ಮೇ ತಿಂಗಳ ಮೂರು ಗಂಟೆಯ ಮನೆ: ಕಲಬುರಗಿ, ಬೀದರ್, ಯಾದಗಿರಿಯಲ್ಲಿ ತಂಪಾದ ದೊಡ್ಡ ಮನೆ ಕಟ್ಟುವ ಬಗೆ

ನೆಲಕ್ಕೆ ಇಟಾಲಿಯನ್ ಮಾರ್ಬಲ್, ಎದುರಿಗೆ ಎರಡು ಮಹಡಿ ಎತ್ತರದ ಗಾಜು, ಕೋಣೆಗೊಂದು ಎಸಿ. ಇಂಥ ಮನೆಯಲ್ಲಿ ಮೇ ತಿಂಗಳ ಮಧ್ಯಾಹ್ನ ಮೂರಕ್ಕೆ ಕರೆಂಟು ಹೋದರೆ ಅರ್ಧ ತಾಸು ಕೂಡುವುದೂ ಕಷ್ಟ. ಈ ಸೀಮೆಯಲ್ಲಿ ಐಷಾರಾಮ ಅಂದರೆ ಆ ಹೊತ್ತಿನಲ್ಲೂ ಬರೀ ಫ್ಯಾನಿನ ಕೆಳಗೆ ನಿದ್ದೆ ಬರುವ ಮನೆ. ಅದಕ್ಕೆ ದುಡ್ಡು ಹಾಕುವ ಕ್ರಮವೇ ಬೇರೆ: ಮೊದಲು ಬುನಾದಿ, ಆಮೇಲೆ ನೆರಳು, ಆಮೇಲೆ ಮಾಳಿಗೆ (ಮೇಲ್ಛಾವಣಿ), ಗೋಡೆ, ಕಿಟಕಿ. ಯಂತ್ರಗಳ ಲೆಕ್ಕ ಕೊನೆಗೆ.

ಕಲಬುರಗಿ ಇರುವುದು ಸುಮಾರು 17.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಸೂರ್ಯ ನಡುನೆತ್ತಿಗೆ ಬರುವುದು ವರ್ಷಕ್ಕೆ ಎರಡು ಸಲ: ಮೇ ಎರಡನೇ ವಾರದ ಹೊತ್ತಿಗೆ ಮತ್ತು ಆಗಸ್ಟ್ ಮೊದಲ ವಾರದಲ್ಲಿ. ಅಂದರೆ ಬಿಸಿಲು 42, 43 ಡಿಗ್ರಿ ಮುಟ್ಟುವ ದಿನಗಳಲ್ಲೇ ಅದು ನೇರವಾಗಿ ಮಾಳಿಗೆಯ ಮೇಲೆ ಬೀಳುತ್ತದೆ. ದಕ್ಷಿಣದ ಗೋಡೆಗೆ ಬೀಳುವ ಬಿಸಿಲನ್ನು ತಡೆಯುವುದು ಸುಲಭ. ಮನೆ ಸೋಲುವುದು ಮಾಳಿಗೆಯಲ್ಲಿ ಮತ್ತು ಪಡುವಣ ಗೋಡೆಯಲ್ಲಿ.

ಬುನಾದಿ: ಎರೆಮಣ್ಣು ಮೊದಲು ಅರ್ಥವಾಗಬೇಕು

ತಂಪಾದ, ಪರಿಸರಸ್ನೇಹಿ ಮನೆಯ ಮಾತಿಗೆ ಬುನಾದಿ ಯಾಕೆ ಎಂದು ಕೇಳಬಹುದು. ಗೋಡೆ ಸೀಳಿದ ಮನೆಯಲ್ಲಿ ಶಾಖ ತಡೆಯುವ ನಿರೋಧಕವೂ ಉಳಿಯದು, ಜಲನಿರೋಧವೂ ಉಳಿಯದು. ಹತ್ತು ವರ್ಷಕ್ಕೆ ಒಡೆದು ಮತ್ತೆ ಕಟ್ಟುವ ಮನೆ ಪರಿಸರಕ್ಕೆ ಎಲ್ಲಕ್ಕಿಂತ ದುಬಾರಿ.

ಕಲಬುರಗಿ ಜಿಲ್ಲೆಯ ಬಹುಭಾಗ ಎರೆಭೂಮಿ, ಅಂದರೆ ಕರಿಮಣ್ಣು. ಈ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರಿಯುತ್ತದೆ. ನಕ್ಷೆಗಿಂತ ಮುಂಚೆ ಮಣ್ಣು ಪರೀಕ್ಷೆ ಮಾಡಿಸಿ, ಜಾಗದಲ್ಲಿ ಕನಿಷ್ಠ ಎರಡು ಮೂರು ಕಡೆ ಕೊರೆಸಿ. ನೀರಲ್ಲಿ ಮಣ್ಣು ಎಷ್ಟು ಉಬ್ಬುತ್ತದೆಂದು ಹೇಳುವ ಫ್ರೀ ಸ್ವೆಲ್ ಇಂಡೆಕ್ಸ್ ಶೇ. 50 ದಾಟಿತ್ತೆಂದರೆ ಸಾಮಾನ್ಯ ಕಲ್ಲಿನ ಬುನಾದಿ ಸಾಲದು. ಗಟ್ಟಿ ಮುರಂ (ಗರಸು ಮಣ್ಣು) ಐದಾರು ಅಡಿಯಲ್ಲೇ ಸಿಕ್ಕರೆ ಅಲ್ಲಿವರೆಗೆ ಅಗೆದು ಕೂಡಿಸಿ. ಇಲ್ಲದಿದ್ದರೆ ಅಂಡರ್-ರೀಮ್ಡ್ ಪೈಲ್, ಅಂದರೆ ನೆಲದೊಳಗೆ ಇಳಿಸುವ, ಕೆಳಗೆ ಉಬ್ಬಿದ ಕಾಂಕ್ರೀಟ್ ಕಂಬ ಹಾಕಿಸಿ. ಇದರ ಕಾಂಡದ ವ್ಯಾಸ 30 ಸೆಂ.ಮೀ., ಕೆಳಗಿನ ಉಬ್ಬು ಅದರ ಎರಡೂವರೆ ಪಟ್ಟು ಅಂದರೆ 75 ಸೆಂ.ಮೀ., ಆಳ ಮೂರೂವರೆಯಿಂದ ನಾಲ್ಕು ಮೀಟರ್. ಋತುವಿನಿಂದ ಋತುವಿಗೆ ತೇವ ಹೆಚ್ಚುಕಡಿಮೆಯಾಗುವುದು ಹೆಚ್ಚಾಗಿ ಅದಕ್ಕಿಂತ ಮೇಲಿನ ಪದರದಲ್ಲಿ. ಕಂಬಿಯ ಲೆಕ್ಕ ಎಂಜಿನಿಯರ್ ಕೊಡಲಿ.

ತಪ್ಪುವ ಜಾಗ ಒಂದಿದೆ. ಪೈಲುಗಳನ್ನು ಕೂಡಿಸುವ ಪ್ಲಿಂತ್ ಬೀಮಿನ (ಗೋಡೆ ಹೊರುವ ಅಡ್ಡತೊಲೆಯ) ಕೆಳಗೆ ಸುಮಾರು 8 ಸೆಂ.ಮೀ. ಖಾಲಿ ಬಿಡಬೇಕು. ಗೌಂಡಿಗಳು ಅನುಕೂಲಕ್ಕೆಂದು ಬೀಮನ್ನು ನೇರವಾಗಿ ಮಣ್ಣಿನ ಮೇಲೇ ಹಾಕಿಬಿಡುತ್ತಾರೆ. ಮೊದಲ ದೊಡ್ಡ ಮಳೆಗೆ ಮಣ್ಣು ಉಬ್ಬಿ ಬೀಮನ್ನು ಎತ್ತುತ್ತದೆ, ಕಿಟಕಿಯ ಮೂಲೆಗಳಿಂದ ಓರೆ ಬಿರುಕು ಹೊರಡುತ್ತದೆ. ಅಗೆದ ಎರೆಮಣ್ಣು ಪುಕ್ಕಟೆ ಸಿಗುತ್ತದೆಂದು ಅದನ್ನೇ ಪ್ಲಿಂತಿನೊಳಗೆ ತುಂಬುವುದೂ ಇಂಥದ್ದೇ ತಪ್ಪು. ಹತ್ತಾರು ಬ್ರಾಸ್ (ನೂರು ಘನ ಅಡಿಗೆ ಒಂದು ಬ್ರಾಸ್) ಮುರಂ ತರಿಸಬೇಕಾದರೂ ತರಿಸಿ, 15 ಸೆಂ.ಮೀ. ಪದರಗಳಲ್ಲಿ ನೀರುಣಿಸಿ ದಮ್ಮಸ್ ಮಾಡಿಸಿ. ಮನೆಯ ಸುತ್ತ ನಾಲ್ಕೈದು ಅಡಿ ಅಗಲದ ಫರಸಿ (ಚಪ್ಪಡಿಕಲ್ಲು) ಹಾಸು ಇರಲಿ. ಇಳಿಜಾರು ಹೊರಮುಖವಾಗಿ, 30 ಅಡಿಗೆ ಒಂದು ಅಡಿಯ ಲೆಕ್ಕದಲ್ಲಿ ಇರಲಿ.

ಗಿಡಗಳ ಮಾತೂ ಇಲ್ಲಿಯೇ ಬರುತ್ತದೆ. ಪಡುವಣಕ್ಕೆ ಬೇವು ಹಚ್ಚಿದರೆ ನೆರಳು ಎಂಬುದು ನಿಜ. ಆದರೆ ಎರೆಮಣ್ಣಿನಲ್ಲಿ ದೊಡ್ಡ ಮರದ ಬೇರು ಬುನಾದಿಯಡಿಯ ತೇವ ಹೀರಿ ಆ ಮೂಲೆಯನ್ನೇ ಕುಸಿಸುತ್ತದೆ. ಮರ ಎಷ್ಟು ಎತ್ತರ ಬೆಳೆಯುತ್ತದೋ ಅಷ್ಟು ದೂರ ಬಿಡಿ. ಅಷ್ಟು ಜಾಗವಿಲ್ಲದಿದ್ದರೆ ಕಬ್ಬಿಣದ ಚೌಕಟ್ಟಿನ ಮೇಲೆ ಬಳ್ಳಿ ಹಬ್ಬಿಸಿ. ಬೀದರಿನ ಕೆಂಪುಕಲ್ಲಿನ (ಲ್ಯಾಟರೈಟ್) ದಿಣ್ಣೆ, ಯಾದಗಿರಿ ಕಡೆಯ ಗ್ರಾನೈಟ್ ನೆಲದಲ್ಲಿ ಈ ಭಯ ಕಡಿಮೆ, 15 ಅಡಿಯ ಅಂತರ ಸಾಕು.

ನಕ್ಷೆ ಮತ್ತು ನೆರಳು

ಮನೆಯ ಉದ್ದದ ಬದಿಗಳು ಉತ್ತರಕ್ಕೂ ದಕ್ಷಿಣಕ್ಕೂ ಇರಲಿ, ಕಿರಿದಾದ ಬದಿಗಳು ಮೂಡಣ ಪಡುವಣಕ್ಕೆ. ದಕ್ಷಿಣದ ಕಿಟಕಿಗೆ ಎರಡು ಅಡಿ ಛಜ್ಜಾ (ಕಿಟಕಿಯ ಮೇಲಿನ ಚಾಚು) ಬಹಳ ಕೆಲಸ ಮಾಡುತ್ತದೆ. ನಾಲ್ಕು ಅಡಿ ಎತ್ತರದ ಕಿಟಕಿಗೆ ಫೆಬ್ರವರಿ ಕೊನೆಯಿಂದ ಅಕ್ಟೋಬರ್ ನಡುವಿನವರೆಗೆ ನಡುಹಗಲ ಬಿಸಿಲು ಮುಟ್ಟುವುದೇ ಇಲ್ಲ. ಡಿಸೆಂಬರಿನಲ್ಲಿ ಸೂರ್ಯ 49 ಡಿಗ್ರಿಗೆ ಇಳಿದಾಗ ಕಿಟಕಿಯ ಕೆಳಭಾಗದಿಂದ ಎಳೆಬಿಸಿಲು ಒಳಗೆ ಬರುತ್ತದೆ, ಬೀದರಿನ ಚಳಿಗೆ ಅದು ಬೇಕೇ ಬೇಕು. ಛಜ್ಜಾ ಕಿಟಕಿಗಿಂತ ಎರಡೂ ಕಡೆ ಒಂದೊಂದು ಅಡಿ ಹೆಚ್ಚು ಚಾಚಿರಲಿ.

ಪಡುವಣಕ್ಕೆ ಈ ಲೆಕ್ಕ ನಡೆಯದು. ನಾಲ್ಕು ಗಂಟೆಯ ಬಿಸಿಲು ಛಜ್ಜಾದ ಕೆಳಗಿನಿಂದಲೇ ನುಗ್ಗುತ್ತದೆ. ಆ ಕಡೆ ಮೆಟ್ಟಿಲು, ಬಚ್ಚಲು, ಸಾಮಾನಿನ ಕೋಣೆ, ಗಾಡಿ ನಿಲ್ಲಿಸುವ ಜಾಗ ಇಡಿ. ಇಲ್ಲಿ ವಾಸ್ತು ಅಡ್ಡ ಬರುತ್ತದೆ. ಯಜಮಾನರ ಮಲಗುವ ಕೋಣೆ ನೈರುತ್ಯದಲ್ಲೇ ಬೇಕು ಎನ್ನುತ್ತಾರೆ, ಮನೆಯ ಅತಿ ಬಿಸಿ ಮೂಲೆಯೂ ಅದೇ. ಜಗಳಕ್ಕಿಂತ ಪರಿಹಾರ ಮೇಲು. ಕೋಣೆ ಅಲ್ಲೇ ಇರಲಿ. ಪಡುವಣ ಗೋಡೆಯುದ್ದಕ್ಕೂ ಬಟ್ಟೆಯ ಕಪಾಟು ಮತ್ತು ಬಚ್ಚಲು ಬರಲಿ, ಅತ್ತ ಕಿಟಕಿ ಬೇಡ. ಗಾಳಿ ಬೆಳಕಿಗೆ ದಕ್ಷಿಣದ ಕಿಟಕಿ ಸಾಕು. ಹೀಗೆ ಮಾಡಿದರೆ ಹಾಸಿಗೆ ಮತ್ತು ಬಿಸಿ ಗೋಡೆಯ ನಡುವೆ ಐದಾರು ಅಡಿ ಅಂತರ ಸಿಗುತ್ತದೆ.

ನಮ್ಮ ಹಳೆಯ ವಾಡೆಗಳಲ್ಲಿ ನಡುಅಂಗಳ ಇತ್ತು. ಈಗಿನ ದೊಡ್ಡ ಮನೆಗಳಲ್ಲೂ ಮಾಡುತ್ತಾರೆ, ಮಾಡಿ ಮೇಲೆ ಗಾಜು ಇಲ್ಲವೇ ಪಾಲಿಕಾರ್ಬೊನೇಟ್ ಮುಚ್ಚಿಬಿಡುತ್ತಾರೆ. ಅಲ್ಲಿಗೆ ಅದು ಅಂಗಳವಲ್ಲ, ನರ್ಸರಿಯ ಹಸಿರುಮನೆ. ತೆರೆದೇ ಇಡಿ, ಮೇಲೆ ಸರಳು ಮತ್ತು ಸೊಳ್ಳೆ ಜಾಳಿಗೆ ಹಾಕಿ. ಮುಚ್ಚಲೇಬೇಕೆಂದರೆ ಮಾಳಿಗೆಗಿಂತ ಮೂರು ಅಡಿ ಎತ್ತರಿಸಿ, ಮೇಲೆ ನಿರೋಧಕ ಹಾಕಿದ ಸ್ಲ್ಯಾಬ್, ಉತ್ತರಕ್ಕೆ ಮಾತ್ರ ನೆಟ್ಟಗಿನ ಗಾಜಿನ ಕಿಟಕಿ, ಅದು ತೆರೆಯುವಂತಿರಲಿ. ಮೇಲೆ ಮುಚ್ಚಿದರೂ ಬದಿಯಿಂದ ಬೆಳಕು ತರಬಹುದು ಎಂಬುದಕ್ಕೆ ಕಲಬುರಗಿ ಕೋಟೆಯ ಜಾಮಿ ಮಸೀದಿಯನ್ನು, 1367ರ ಕಟ್ಟಡ, ಒಮ್ಮೆ ಬೇಸಿಗೆಯಲ್ಲಿ ನೋಡಿ ಬನ್ನಿ. ತೆರೆದ ಅಂಗಳವೇ ಇಲ್ಲದ ಆ ಮಸೀದಿಗೆ ಸುತ್ತಲಿನ ಅಗಲವಾದ ಕಮಾನುಗಳಿಂದ ಬೆಳಕು ಓರೆಯಾಗಿ ಬರುತ್ತದೆ.

ಮಾಳಿಗೆ

ಬರೀ ಆರು ಇಂಚಿನ ಆರ್‌ಸಿಸಿ ಸ್ಲ್ಯಾಬಿನ ಯು-ಮೌಲ್ಯ ಸುಮಾರು 3.3. ಈ ಅಂಕಿ ಹೆಚ್ಚಿದಷ್ಟೂ ಶಾಖ ಹೆಚ್ಚು ಇಳಿಯುತ್ತದೆ. ಮನೆಗಳಿಗೆಂದು 2018ರಲ್ಲಿ ಬಂದ ಇಕೋ ನಿವಾಸ್ ಸಂಹಿತೆ (ಇಂಧನ ಉಳಿತಾಯದ ನಿಯಮಾವಳಿ) ಮಾಳಿಗೆಗೆ ಇಟ್ಟ ಮಿತಿ 1.2. ಒಂದು ಇಂಚಿನ ಎಕ್ಸ್‌ಪಿಎಸ್ (ಶಾಖ ತಡೆಯುವ ಗಟ್ಟಿ ಫೋಮ್) ಹಾಳೆಯೇ ಆ ಮಿತಿಯೊಳಗೆ ತರುತ್ತದೆ. ಆದರೂ ಈ ಸೀಮೆಗೆ ಎರಡು ಇಂಚು ಹಾಕಿ, ಆಗ 0.5ರ ಆಸುಪಾಸಿಗೆ ಬರುತ್ತದೆ. ಇಡೀ ಮನೆಯಲ್ಲಿ ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ತಂಪು ಕೊಡುವ ಮತ್ತೊಂದು ಸಾಮಾನಿಲ್ಲ.

ಪದರಗಳು ಕೆಳಗಿನಿಂದ ಮೇಲಕ್ಕೆ ಹೀಗೆ: ಸ್ಲ್ಯಾಬ್, ನೀರು ಹರಿಯಲು 100ಕ್ಕೆ 1ರ ಇಳಿಜಾರಿನ ಗಾರೆ, ಜಲನಿರೋಧಕ ಲೇಪ, ಪ್ಯಾರಾಪೆಟ್ ಗೋಡೆಗೂ ಒಂದು ಅಡಿ ಏರಿಸಿ, 48 ತಾಸು ನೀರು ನಿಲ್ಲಿಸಿ ಪರೀಕ್ಷೆ, 50 ಮಿ.ಮೀ. ಎಕ್ಸ್‌ಪಿಎಸ್, ಸಾಂದ್ರತೆ ಘನ ಮೀಟರಿಗೆ 32 ಕಿಲೋಗಿಂತ ಕಡಿಮೆ ಬೇಡ. ಅದರ ಮೇಲೆ ಜಿಯೋಟೆಕ್ಸ್‌ಟೈಲ್ ಬಟ್ಟೆ. ಕೋಳಿಜಾಳಿಗೆ ಇಟ್ಟು ಎರಡು ಇಂಚು ಕಾಂಕ್ರೀಟ್, ಹತ್ತು ಅಡಿಗೊಂದು ಸಂದು ಬಿಟ್ಟು. ಕೊನೆಗೆ ಬಿಳಿ ಚೈನಾ ಮೊಸಾಯಿಕ್ (ಟೈಲ್ ಚೂರುಗಳ ಹಾಸು). ಎಕ್ಸ್‌ಪಿಎಸ್ ಬದಲು ಅಗ್ಗದ ಥರ್ಮಾಕೋಲ್ ತಂದರೆ ಕಾಲಡಿಗೆ ಕುಗ್ಗಿ ಮೇಲಿನ ಕಾಂಕ್ರೀಟ್ ಒಡೆಯುತ್ತದೆ. ಮಾಳಿಗೆಗೆ ಶಹಾಬಾದ್ ಫರಸಿ ಹಾಸುವ ರೂಢಿ ಇಲ್ಲಿ ಉಂಟು, ಆದರೆ ಬೂದುಗಪ್ಪು ಕಲ್ಲು ಬಿಸಿಲು ಕುಡಿಯುತ್ತದೆ. ಫರಸಿ ಒಳಗಿನ ನೆಲಕ್ಕೆ ಇರಲಿ.

ಸೋಲಾರ್ ಚೌಕಟ್ಟಿನ ಕಾಲುಗಳಿಗೆ ಬೇಕಾದ ಒಂದಡಿ ಚದರದ ಕಾಂಕ್ರೀಟ್ ಗಟ್ಟಿಗಳನ್ನು ಸ್ಲ್ಯಾಬಿನ ಜೊತೆಗೇ ಹಾಕಿಸಿ. ಎಲ್ಲ ಮುಗಿದ ಮೇಲೆ ಬಂದ ಸೋಲಾರ್ ಹುಡುಗರು ಡ್ರಿಲ್ ಹಿಡಿದು ಜಲನಿರೋಧವನ್ನು ಇಪ್ಪತ್ತು ಕಡೆ ತೂತು ಮಾಡಿದರೆ ಆಮೇಲೆ ಸೋರಿಕೆಯ ಮೂಲ ಸಿಗುವುದಿಲ್ಲ.

ಗೋಡೆ, ನೆಲ, ಕಿಟಕಿ

ಒಂಬತ್ತು ಇಂಚಿನ ಇಟ್ಟಿಗೆ ಗೋಡೆಯ ಯು-ಮೌಲ್ಯ ಸುಮಾರು 2. ಎಂಟು ಇಂಚಿನ ಎಎಸಿ (ಗಾಳಿಗುಳ್ಳೆ ತುಂಬಿದ ಹಗುರ ಕಾಂಕ್ರೀಟ್) ಬ್ಲಾಕ್ ಅದನ್ನು 0.8ರ ಹತ್ತಿರಕ್ಕೆ ಇಳಿಸುತ್ತದೆ. ಬ್ಲಾಕನ್ನು ಇಟ್ಟಿಗೆಯಂತೆ ನೀರಲ್ಲಿ ನೆನೆಸಬಾರದು, ತೆಳು ಅಂಟುಗಾರೆಯಲ್ಲೇ ಕಟ್ಟಬೇಕು, ಕಾಂಕ್ರೀಟ್ ಕಂಬ ಸೇರುವಲ್ಲಿ ಒಂದು ಅಡಿ ಅಗಲದ ಫೈಬರ್ ಜಾಳಿಗೆ ಕೂಡಿಸಿ ಪ್ಲಾಸ್ಟರ್ ಮಾಡಬೇಕು. ಬೀದರಿನಲ್ಲಿದ್ದರೆ ಕೆಂಪುಕಲ್ಲನ್ನು ಬಿಡಬೇಡಿ. ಕೊರೆದಾಗ ಮೆತ್ತಗಿದ್ದು ಗಾಳಿ ಬಿಸಿಲಿಗೆ ಗಟ್ಟಿಯಾಗುವ ಕಲ್ಲು ಅದು. ಹಾಗಾಗಿ ಕೆಲವು ತಿಂಗಳು ಮುಂಚೆಯೇ ತಂದು ಬಯಲಲ್ಲಿ ಒಟ್ಟಿ. ದಪ್ಪ ಕಲ್ಲಿನ ಗೋಡೆ ಹಗಲ ಶಾಖವನ್ನು ರಾತ್ರಿ ಬಿಡುತ್ತದೆ, ಆದ್ದರಿಂದ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಎದುರುಬದುರು ಕಿಟಕಿ ತೆರೆದಿರಬೇಕು. ಹಗಲು ಎಂಟರ ಹೊತ್ತಿಗೆ ಎಲ್ಲ ಮುಚ್ಚಬೇಕು. ಕಳ್ಳರ ಭಯಕ್ಕೆ ಯಾರೂ ತೆರೆಯದ ಕಿಟಕಿಯಿಂದ ಏನೂ ಪ್ರಯೋಜನವಿಲ್ಲ, ಸರಳೂ ಜಾಳಿಗೆಯೂ ನಕ್ಷೆಯಲ್ಲೇ ಬರಲಿ. ಜಾರುಕಿಟಕಿ ಅರ್ಧ ಮಾತ್ರ ತೆರೆಯುತ್ತದೆ, ಅದರ ಹಳಿಯಲ್ಲಿ ಧೂಳು ತುಂಬುತ್ತದೆ. ಬಾಗಿಲಿನಂತೆ ತೆರೆಯುವ ಕಿಟಕಿ ಒಳ್ಳೆಯದು. ಅಗಲ ಗಾಜು ಬೇಕೆನಿಸಿದರೆ ಉತ್ತರಕ್ಕೆ ಇಡಿ.

ನೆಲಕ್ಕೆ ಹೊಳಪು ಕೊಟ್ಟ ಶಹಾಬಾದ್ ಫರಸಿಗೆ ಸಾಟಿಯಿಲ್ಲ. ಹಡಗಿನಲ್ಲಿ ಬರುವ ಮಾರ್ಬಲ್ಲಿಗೆ ಹೋಲಿಸಿದರೆ ಇದು ಬರುವುದು ಮಗ್ಗುಲ ತಾಲ್ಲೂಕಿನಿಂದ. ಸುಣ್ಣಕಲ್ಲಿನ ಜಾತಿಯಾದ್ದರಿಂದ ನಿಂಬೆ, ಹುಣಸೆ, ಬಚ್ಚಲು ತೊಳೆಯುವ ಆ್ಯಸಿಡ್ ತಾಗಿದರೆ ಕಲೆ ಬೀಳುತ್ತದೆ. ಅಡುಗೆಕಟ್ಟೆಗೆ ಯಾದಗಿರಿ ಕಡೆಯ ಗ್ರಾನೈಟ್ ಹಾಕಿ.

ಕೂಲರ್, ಸೋಲಾರ್, ನೀರು

ಏಪ್ರಿಲ್, ಮೇ ತಿಂಗಳ ನಮ್ಮ ಗಾಳಿ ಒಣಗಾಳಿ. 42 ಡಿಗ್ರಿ, ಶೇ. 20 ತೇವ ಇದ್ದಾಗ ಒಳ್ಳೆಯ ಕೂಲರ್ 27, 28 ಡಿಗ್ರಿಯ ಗಾಳಿ ಕೊಡಬಲ್ಲದು. ಗಂಟೆಗೆ 3,000 ಘನ ಮೀಟರ್ ಗಾಳಿ ದೂಡುವ ಕೂಲರ್ ಆಗ ತಾಸಿಗೆ ಸುಮಾರು 20 ಲೀಟರ್ ನೀರು ಕುಡಿಯುತ್ತದೆ. ಗಾಳಿ ಹೊರಹೋಗಲು ಮೂರು ನಾಲ್ಕು ಚದರ ಅಡಿ ತೆರವು ಬಿಡದಿದ್ದರೆ ಕೋಣೆ ಜಿಗಿಜಿಗಿ ಆಗುತ್ತದೆ. ಬೋರಿನ ಗಡಸು ನೀರು ಪ್ಯಾಡಿಗೆ ಉಪ್ಪು ಹಿಡಿಸುತ್ತದೆ, ಸಂಪಿನ ಮಳೆನೀರು ಕೊಟ್ಟರೆ ಪ್ಯಾಡ್ ಹೆಚ್ಚು ಬಾಳುತ್ತದೆ. ಜೂನ್ ಮಳೆ ಬಂದ ಮೇಲೆ ಕೂಲರ್ ಕೆಲಸಕ್ಕೆ ಬಾರದು. ಆಗಿನ ಸೆಖೆಗೆ ಮಲಗುವ ಕೋಣೆಗಳಿಗೆ ಮಾತ್ರ ಇನ್ವರ್ಟರ್ ಎಸಿ ಇರಲಿ. ಮಾಳಿಗೆಗೆ ನಿರೋಧಕ ಇದ್ದರೆ 12 ಅಡಿಗೆ 14 ಅಡಿಯ ಕೋಣೆಗೆ ಒಂದು ಟನ್ ಸಾಕು. ಫ್ಯಾನು ಬಿಎಲ್‌ಡಿಸಿ ಮೋಟಾರಿನದು ಇರಲಿ, ಹಳೆಯದು 75 ವ್ಯಾಟ್ ತಿನ್ನುವಲ್ಲಿ ಇದಕ್ಕೆ 30 ಸಾಕು.

ಒಂದು ಕಿಲೋವ್ಯಾಟ್ ಸೋಲಾರ್ ಇಲ್ಲಿ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಕೊಡುತ್ತದೆ, ಐದು ಕಿಲೋವ್ಯಾಟಿಗೆ ತಿಂಗಳಿಗೆ ಸುಮಾರು 600. ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವ್ಯಾಟ್ ಮತ್ತು ಮೇಲಕ್ಕೆ 78,000 ರೂಪಾಯಿ ಸಹಾಯಧನ. ಜೆಸ್ಕಾಂ (ಇಲ್ಲಿಯ ವಿದ್ಯುತ್ ಕಂಪನಿ) ನೆಟ್ ಮೀಟರಿಗೆ, ಅಂದರೆ ನಾವು ಗ್ರಿಡ್ಡಿಗೆ ಕೊಟ್ಟ ವಿದ್ಯುತ್ತನ್ನೂ ಅಳೆಯುವ ಮೀಟರಿಗೆ, ಅರ್ಜಿ ಮೊದಲೇ ಹಾಕಿ. ಫಲಕಗಳನ್ನು ದಕ್ಷಿಣಕ್ಕೆ 15 ಡಿಗ್ರಿ ಓರೆಯಾಗಿ, ಏಳೆಂಟು ಅಡಿ ಎತ್ತರದಲ್ಲಿ ಕೂಡಿಸಿದರೆ ಮಾಳಿಗೆಗೂ ನೆರಳು. ಮುಂಗಾರು ಮುಂಚಿನ ಬಿರುಗಾಳಿಗೆ ಚೌಕಟ್ಟು ತಡೆಯುವಂತೆ ಲೆಕ್ಕ ಹಾಕಿಸಿ. ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ಧೂಳು ತೊಳೆಯಬೇಕು, ಮಾಳಿಗೆಯಲ್ಲೊಂದು ನಲ್ಲಿ ಇಡಿ. ತೊಳೆಯುವುದು ನಸುಕಿನಲ್ಲಿ, ಕಾದ ಗಾಜಿನ ಮೇಲೆ ತಣ್ಣೀರು ಹಾಕಬಾರದು.

2,000 ಚದರ ಅಡಿ ಮಾಳಿಗೆಯ ಮೇಲೆ 750 ಮಿ.ಮೀ. ಮಳೆ ಬಿದ್ದರೆ, ನಷ್ಟ ಕಳೆದು ಹೆಚ್ಚುಕಡಿಮೆ 1.18 ಲಕ್ಷ ಲೀಟರ್ ಸಿಗುತ್ತದೆ. ಮೊದಲ ಮಳೆಯ 200 ಲೀಟರ್ ಹೊರಗೆ ಬಿಟ್ಟು, ಉಳಿದದ್ದನ್ನು ಸೋಸಿ 30,000 ಲೀಟರಿನ ಆರ್‌ಸಿಸಿ ಸಂಪಿಗೆ ತುಂಬಿ. ಹೆಚ್ಚಾದದ್ದು ಇಂಗುಗುಂಡಿಗೆ. ಎರೆಮಣ್ಣಿನಲ್ಲಿ ಆಳವಿಲ್ಲದ ಗುಂಡಿ ಕೊಳವಾಗಿ ನಿಲ್ಲುತ್ತದೆ, ಬುನಾದಿಯನ್ನೂ ಉಬ್ಬಿಸುತ್ತದೆ. ಕರಿಮಣ್ಣು ದಾಟಿ ಮುರಂವರೆಗೆ ಕೊರೆದು, ಮನೆಯಿಂದ ಕನಿಷ್ಠ 20 ಅಡಿ ದೂರ ಮಾಡಿ. ಬೀದರಿನ ಕೆಂಪುಕಲ್ಲು ನೀರನ್ನು ಬೇಗ ಒಳಗೆ ಬಿಡುತ್ತದೆ. ಬೀದರ್ ಬಳಿಯ ನೌಬಾದಿನ ಕಾರೇಜ್, ಅಂದರೆ ನೆಲದಡಿಯಿಂದ ನೀರು ತರುವ ಹಳೆಯ ಸುರಂಗ, ನೀರು ಹಿಡಿದಿದ್ದೂ ಆ ಕಲ್ಲು ಕೆಳಗಿನ ಕರಿಕಲ್ಲನ್ನು ಸೇರುವ ಪದರದಲ್ಲೇ.

ಬುನಾದಿ ಅಗೆತ ನವೆಂಬರ್ ನಂತರ ಇರಲಿ, ಮಾಳಿಗೆಯ ಪದರಗಳು ಮಾರ್ಚ್ ಒಳಗೆ ಮುಗಿಯಲಿ. ಗುತ್ತಿಗೆದಾರರ ಕೊನೆಯ ಕಂತನ್ನು ಮೇ ತನಕ ಹಿಡಿದಿಡಿ. ಮೇ ತಿಂಗಳ ಒಂದು ನಿಚ್ಚಳ ದಿನ ನಾಲ್ಕು ಗಂಟೆಗೆ, ಎಸಿ ಬಂದ್ ಮಾಡಿ, ಇನ್‌ಫ್ರಾರೆಡ್ ಥರ್ಮಾಮೀಟರನ್ನು ಪ್ರತಿ ಕೋಣೆಯ ಒಳಛಾವಣಿಗೆ ಹಿಡಿಯಿರಿ. ಒಂದು ಜಾಗ ಮಾತ್ರ ಸುತ್ತಲಿಗಿಂತ ಮೂರು ನಾಲ್ಕು ಡಿಗ್ರಿ ಹೆಚ್ಚು ತೋರಿಸಿದರೆ ಅಲ್ಲಿ ಹಾಳೆ ತಪ್ಪಿದೆ, ಇಲ್ಲವೇ ನೀರು ಹೊಕ್ಕಿದೆ. ಮೇಲೆ ಬಳಪದಿಂದ ಗುರುತು ಹಾಕಿ, ಅಷ್ಟನ್ನೇ ತೆಗೆಸಿ ಸರಿ ಮಾಡಿಸಿ.